ವ್ಯಾಡ್‌ಕಟರ್ ಗುಂಡು

ವ್ಯಾಡ್‌ಕಟರ್ ಗುಂಡು ಎಂಬುದು ಗುರಿಪಟಕ್ಕೆ ಗುಂಡು ಹಾರಿಸುವ ಕ್ರೀಡೆಗಾಗಿ ರೂಪಿಸಲಾದ, ಮೂತಿ ಚಪ್ಪಟೆಯಾಗಿರುವ ಸೀಸದ ಗುಂಡು. ಇದರ ಆಕಾರ ಹೆಚ್ಚುಕಡಿಮೆ ಒಂದು ಸಣ್ಣ ಕಂಬದ ತುಂಡಿನಂತಿರುತ್ತದೆ. ಸಾಮಾನ್ಯ ಗುಂಡಿನ ದುಂಡುಮೂತಿಯು ಕಾಗದವನ್ನು ಹರಿದು ಒಳನುಗ್ಗಿದರೆ, ವ್ಯಾಡ್‌ಕಟರ್ ತನ್ನ ಅಂಚಿನಿಂದ ಕಾಗದವನ್ನು ಬಿಲ್ಲೆಯಂತೆ ಕತ್ತರಿಸಿ ಸ್ಪಷ್ಟವಾದ ವೃತ್ತಾಕಾರದ ರಂಧ್ರವನ್ನು ಉಳಿಸುತ್ತದೆ. ಬಂದೂಕಿನ ಮದ್ದಿನ ಮೇಲೆ ಇಡುವ ರಟ್ಟು ಅಥವಾ ಉಣ್ಣೆಯ ಬಿಲ್ಲೆಗೆ ಇಂಗ್ಲಿಷಿನಲ್ಲಿ ವ್ಯಾಡ್ ಎಂದು ಹೆಸರು. ಅಂತಹ ಬಿಲ್ಲೆಗಳನ್ನು ಕತ್ತರಿಸುವ ಉಪಕರಣದ ಹೆಸರೇ ಈ ಗುಂಡಿಗೂ ಬಂದಿದೆ.

ರಂಧ್ರ ಮತ್ತು ಅಂಕ

ಗುರಿಪಟದಲ್ಲಿ ರಂಧ್ರದ ಅಂಚು ಒಳವೃತ್ತದ ಗೆರೆಯನ್ನು ಮುಟ್ಟಿದರೆ ಸ್ಪರ್ಧಿಗೆ ಒಳವೃತ್ತದ ಅಂಕವೇ ದೊರೆಯುತ್ತದೆ. ದುಂಡುಮೂತಿಯ ಗುಂಡು ಮಾಡಿದ ರಂಧ್ರದ ಸುತ್ತ ಕಾಗದ ಎಳೆಎಳೆಯಾಗಿ ಒಳಕ್ಕೆ ಮಡಚಿಕೊಳ್ಳುವುದರಿಂದ ಗೆರೆ ಮುಟ್ಟಿದೆಯೋ ಇಲ್ಲವೋ ಎಂಬುದು ತಕರಾರಿಗೆ ಎಡೆಮಾಡುತ್ತದೆ. ವ್ಯಾಡ್‌ಕಟರಿನ ಆಕಾರ ಈ ತಕರಾರನ್ನು ನಿವಾರಿಸುವುದಕ್ಕಾಗಿಯೇ ಇದೆ.

25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯ ನಿಖರತಾ ಹಂತದ ಗುರಿಪಟದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ. ಈ ಹಂತದಲ್ಲಿ 30 ಗುಂಡು, ಮುಂದಿನ ಶೀಘ್ರ ಹಂತದಲ್ಲಿ 30 ಗುಂಡು, ಒಟ್ಟು 60 ಗುಂಡುಗಳನ್ನು ಹಾರಿಸಬೇಕು. ಶೀಘ್ರ ಹಂತದಲ್ಲಿ ಪ್ರತಿ ಗುಂಡಿಗೂ ಗುರಿ ಕಾಣಿಸುವುದು 3 ಸೆಕೆಂಡು ಮಾತ್ರ. 7.62ರಿಂದ 9.65 ಮಿ.ಮೀ. ವರೆಗಿನ ಕ್ಯಾಲಿಬರಿಗೆ ಅವಕಾಶವಿದೆ. ದಪ್ಪ ಗುಂಡು ಸಹಜವಾಗಿಯೇ ಹೆಚ್ಚು ಗೆರೆಗಳನ್ನು ಮುಟ್ಟುತ್ತದೆ. ಆದರೆ ಕಾಗದದ ಗುರಿಪಟದ ಸಂದೇಹಾಸ್ಪದ ರಂಧ್ರಗಳನ್ನೆಲ್ಲ 9.65 ಮಿ.ಮೀ. ಅಳತೆಗೋಲಿನಿಂದಲೇ ಪರೀಕ್ಷಿಸುವುದರಿಂದ ಆ ಲಾಭ ಇಲ್ಲವಾಗುತ್ತದೆ. ಹಿಮ್ಮೊಗದ ಒದೆತ ಕಡಿಮೆಯಿರುವ .32 ಸ್ಮಿತ್ ಅಂಡ್ ವೆಸನ್ ಲಾಂಗ್ ಕಾಡತೂಸು ಈ ಸ್ಪರ್ಧೆಯಲ್ಲಿ ನೆಲೆಯೂರಲು ಇದೂ ಒಂದು ಕಾರಣ.

ಹಳೆಯ ಗುರಿ ರಿವಾಲ್ವರುಗಳು

.32 ಲಾಂಗ್ ಕಾಡತೂಸು 1896ರಲ್ಲಿ, .38 ಸ್ಪೆಷಲ್ ಅದರ ಬೆನ್ನಿಗೇ ಬಂದವು. ಮೊದಲನೆಯದರ ವ್ಯಾಡ್‌ಕಟರ್ ಸುಮಾರು 6.4 ಗ್ರಾಂ, ಎರಡನೆಯದರದು 148 ಗ್ರೇನ್, ಅಂದರೆ ಸುಮಾರು 9.6 ಗ್ರಾಂ ತೂಗುತ್ತದೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-38 ಮತ್ತು ಕೋಲ್ಟ್ ಕಂಪನಿಯ ಆಫೀಸರ್ಸ್ ಮಾಡೆಲ್ ಮ್ಯಾಚ್ ರಿವಾಲ್ವರುಗಳು ಈ ಗುಂಡಿಗೆ ಹೆಸರಾದವು.

ವ್ಯಾಡ್‌ಕಟರನ್ನು ಕಾಡತೂಸಿನ ಬಾಯಿಗೆ ಸಮನಾಗಿ ಒಳಗೆ ಕೂರಿಸಲಾಗುತ್ತದೆ. ಹೊರಗೆ ಚಾಚಿದ ಮೂತಿಯಿಲ್ಲದ ಇಂತಹ ಕಾಡತೂಸು ಸ್ವಯಂಚಾಲಿತ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಸ್ಮಿತ್ ಅಂಡ್ ವೆಸನ್ ಮಾಡೆಲ್ 52ರಂತೆ ಅದಕ್ಕಾಗಿಯೇ ತಯಾರಾದ ಪಿಸ್ತೂಲುಗಳು ಇದಕ್ಕೆ ಅಪವಾದ. ಕಾಡತೂಸನ್ನು ಕೈಯಿಂದಲೇ ತುಂಬುವ ರಿವಾಲ್ವರಿಗೆ ಈ ತೊಡಕಿಲ್ಲ. ಆದರೆ ರಿವಾಲ್ವರಿಗೆ ಅದರದೇ ಆದ ಕಷ್ಟವುಂಟು: ಸಿಲಿಂಡರಿನ ಆರು ಕೋಣೆಗಳಲ್ಲಿ ಒಂದೊಂದೂ ಸರದಿಯಂತೆ ನಳಿಗೆಯ ನೇರಕ್ಕೆ ಬಂದು ನಿಲ್ಲಬೇಕು. ತೇಯ್ದ ಹಳೆಯ ರಿವಾಲ್ವರಿನಲ್ಲಿ ಈ ನೇರ ಕೂದಲೆಳೆಯಷ್ಟು ತಪ್ಪಿದರೂ ಗುಂಡಿನ ಪಕ್ಕ ಕೆತ್ತಿಹೋಗುತ್ತದೆ. ತಯಾರಕರ ಅಳತೆಗಳೂ ಒಂದೇ ಅಲ್ಲ. ಕೋಲ್ಟ್ ನಳಿಗೆಯ ಸುರುಳಿಗೆರೆ ಎಡಕ್ಕೆ ತಿರುಗಿದರೆ, ಸ್ಮಿತ್ ಅಂಡ್ ವೆಸನ್‌ನದು 18¾ ಇಂಚಿಗೊಂದು ಸುತ್ತು ಬಲಕ್ಕೆ ತಿರುಗುತ್ತದೆ. ಆದುದರಿಂದ ಒಂದು ರಿವಾಲ್ವರಿನಲ್ಲಿ ಒಂದೇ ರಂಧ್ರಕ್ಕೆ ಗುಂಡುಗಳನ್ನು ಕೂರಿಸುವ ಕಾಡತೂಸು ಇನ್ನೊಂದರಲ್ಲಿ ಚದುರಿಸಬಹುದು.

ಕಾರ್ಖಾನೆಯ ವ್ಯಾಡ್‌ಕಟರುಗಳ ತಳ ಸಾಮಾನ್ಯವಾಗಿ ಟೊಳ್ಳು. ಮದ್ದಿನ ಅನಿಲದ ಒತ್ತಡಕ್ಕೆ ಆ ತೆಳುವಾದ ಅಂಚು ಅರಳಿ ನಳಿಗೆಯನ್ನು ಬಿಗಿಯಾಗಿ ಮುಚ್ಚುತ್ತದೆ. ಮದ್ದು ಹೆಚ್ಚಾದಲ್ಲಿ ಗುಂಡಿನ ತಲೆ ಮಾತ್ರ ಹಾರಿಹೋಗಿ ಅಂಚು ನಳಿಗೆಯಲ್ಲೇ ಉಳಿಯುವುದುಂಟು. ಅದರ ಹಿಂದೆ ಮತ್ತೊಂದು ಗುಂಡು ಹಾರಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಗುಂಡು ಆಳವಾಗಿ ಕೂರುವುದರಿಂದ ಮದ್ದಿಗೆ ಉಳಿಯುವ ಜಾಗವೂ ಕಿರಿದು. ಸ್ವಲ್ಪ ಹೆಚ್ಚಿದ ಮದ್ದೂ ಒತ್ತಡವನ್ನು ಬೇಗನೆ ಏರಿಸುತ್ತದೆ.

ಎರಕ

ಶುದ್ಧ ಸೀಸ 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದೊಂದೇ ಅಚ್ಚಿನ ಮೂಲೆಮೂಲೆಗೆ ಚೆನ್ನಾಗಿ ಹರಿಯುವುದಿಲ್ಲ. ಸ್ವಲ್ಪ ತವರ ಸೇರಿದರೆ ಹರಿವು ಸುಧಾರಿಸಿ ಅಂಚು ಚೂಪಾಗಿ ಮೂಡುತ್ತದೆ. ವ್ಯಾಡ್‌ಕಟರಿಗೆ ಅಂಚೇ ಜೀವಾಳವಾದುದರಿಂದ ಮೊಂಡಂಚಿನ ಗುಂಡುಗಳನ್ನು ಮತ್ತೆ ಕರಗುವ ಪಾತ್ರೆಗೇ ಹಾಕುತ್ತಾರೆ. ಗಡಸುತನಕ್ಕೆ ಬೆರೆಸುವುದು ಆಂಟಿಮನಿ. ಸೀಸ, ತವರ, ಆಂಟಿಮನಿ ಈ ಮೂರರ ಬೆರಕೆಯೇ ಮುದ್ರಣಾಲಯದ ಅಚ್ಚುಮೊಳೆಯ ಲೋಹ. ಅಮೆರಿಕದಲ್ಲಿ ಮೊಳೆಜೋಡಣೆ ನಿಂತಾಗ ಕರಗಿಹೋದ ಲೈನೋಟೈಪ್ ಲೋಹ ಹವ್ಯಾಸಿಗಳ ಅಚ್ಚು ಸೇರಿದ್ದು ಹೀಗೆ. ಅದರಲ್ಲಿ ಆಂಟಿಮನಿ ಸುಮಾರು 12 ಪಾಲು ಇರುವುದರಿಂದ ನಿಧಾನಗತಿಯ ವ್ಯಾಡ್‌ಕಟರಿಗೆ ಅದು ಬೇಕಾದುದಕ್ಕಿಂತ ಗಡಸು. ಮೃದುವಾದ, ನಳಿಗೆಗೆ ಒಪ್ಪುವ ಅಳತೆಯ ಗುಂಡೇ ಲೇಸು. ಅಳತೆ ತಪ್ಪಿದಾಗ ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಸುಳಿ ನಳಿಗೆಯಲ್ಲಿ ಸೀಸದ ಲೇಪ ಕಟ್ಟಿಕೊಳ್ಳುತ್ತದೆ. ಇದನ್ನು ತಡೆಯಲು ಗುಂಡಿನ ಸುತ್ತಲ ಗಾಡಿಗಳಿಗೆ ಜೇನುಮೇಣ ಬೆರೆತ ಜಿಡ್ಡು ಸವರುವುದು ರೂಢಿ.

ಸೀಸ ವಿಷ. ಕರಗುವ ಪಾತ್ರೆಯ ಮೇಲಿನ ಕಿಟ್ಟದ ಧೂಳು, ಗುಂಡು ಹಾರಿದಾಗ ಪ್ರೈಮರಿನಿಂದ ಹೊಮ್ಮುವ ಹೊಗೆ, ಕೈಗೆ ಹತ್ತಿದ ಪುಡಿ ಇವು ದೇಹ ಸೇರುವ ಮುಖ್ಯ ದಾರಿಗಳು. ಗಾಳಿಯಾಡದ ಒಳಾಂಗಣ ಶೂಟಿಂಗ್ ರೇಂಜುಗಳಲ್ಲಿ ಅಪಾಯ ಹೆಚ್ಚು. ಬಟ್ಟೆಗೆ ಅಂಟಿ ಮನೆ ಸೇರಿದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಧಕ್ಕೆ ತರುತ್ತದೆ.

ಭಾರತದಲ್ಲಿ

ಭಾರತದ ಆರ್ಡ್ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ಇದೇ .32 ಲಾಂಗ್ ಕಾಡತೂಸನ್ನು ಬಳಸುತ್ತದೆ. ಅದು ಆತ್ಮರಕ್ಷಣೆಯ ಕಿರುರಿವಾಲ್ವರೇ ಹೊರತು ಸ್ಪರ್ಧೆಯ ಆಯುಧವಲ್ಲ. ಸ್ಪರ್ಧೆಯಲ್ಲಿ ದೇಶಕ್ಕೆ ಹೆಸರು ತಂದವರು ಜಸ್ಪಾಲ್ ರಾಣಾ. 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಅವರು 2006ರ ದೋಹಾ ಕೂಟದಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು.

ಅಮೆರಿಕದಲ್ಲಿ ಮನೆಯ ಹಿತ್ತಲಿನ ಹವ್ಯಾಸವಾಗಿರುವ ಎರಕ ಇಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಂತೆ ಮದ್ದುಗುಂಡು ಎಂಬುದರಲ್ಲಿ ಅದರ ಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರುತ್ತವೆ. ಪರವಾನಗಿಯಿಲ್ಲದೆ ತಯಾರಿಸುವುದನ್ನು 5ನೇ ಕಲಮು ನಿಷೇಧಿಸುತ್ತದೆ. ರಿವಾಲ್ವರಿನ ಪರವಾನಗಿಯೊಂದೇ ಎರಕಕ್ಕೆ ಅನುಮತಿಯಾಗದು.

ಹಾವೇರಿ ಪರಿಸರದಲ್ಲಿ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಂತಹ ಮೆಕ್ಕೆಜೋಳ ಮತ್ತು ಮೆಣಸಿನಕಾಯಿಯ ನಾಡಿನಲ್ಲಿ ಬಂದೂಕಿನ ಪ್ರಶ್ನೆ ಬರುವುದು ಮುಖ್ಯವಾಗಿ ಬೆಳೆ ರಕ್ಷಣೆಯ ಸಂದರ್ಭದಲ್ಲಿ. ಆಯುಧ ಕಾಯ್ದೆಯ 13ನೇ ಕಲಮು ಈ ಉದ್ದೇಶಕ್ಕೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು, ರಿವಾಲ್ವರನ್ನಲ್ಲ. ಹೊಲಕ್ಕೆ ನುಗ್ಗುವ ಕೃಷ್ಣಮೃಗಕ್ಕೆ ಗುಂಡು ಹಾರಿಸುವಂತೆಯೂ ಇಲ್ಲ. 1974ರಲ್ಲಿ ಘೋಷಿತವಾದ ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ 119 ಚದರ ಕಿ.ಮೀ. ವಿಸ್ತಾರದ್ದು, ಆ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ.

ಗುರಿಕ್ರೀಡೆಯ ಆಸಕ್ತರಿಗೆ ವ್ಯಾಡ್‌ಕಟರ್ ತತ್ತ್ವ ಮೊದಲು ಕೈಗೆಟುಕುವುದು ಏರ್ ಪಿಸ್ತೂಲಿನ 4.5 ಮಿ.ಮೀ. ಚಪ್ಪಟೆಮೂತಿಯ ಸೀಸದ ಪೆಲೆಟ್ಟಿನಲ್ಲಿ. 2016ರ ಆಯುಧ ನಿಯಮಗಳಂತೆ ಈ ಅಳತೆಯನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಗಾಳಿ ಆಯುಧಗಳಿಗೆ ಪರವಾನಗಿ ಬೇಕಿಲ್ಲ. 10 ಮೀಟರ್ ಗುರಿಪಟದ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದದ್ದು ಈ ಸ್ಪರ್ಧೆಯಲ್ಲಿ.