ನಕಾಶೆಯ ಪಾಠಾಂತರಗಳು

ಓಲೆಗರಿಯ ಒಂದು ಪ್ರತಿಯಿಂದ ಇನ್ನೊಂದು ಪ್ರತಿ ಎತ್ತುವಾಗ ಲಿಪಿಕಾರನ ಕೈತಪ್ಪಿನಿಂದ ಪಾಠಾಂತರಗಳು ಹುಟ್ಟುತ್ತವೆಂಬುದು ಹಳಗನ್ನಡ ಓದಿದವರಿಗೆಲ್ಲ ತಿಳಿದ ಸಂಗತಿ. ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ನಮ್ಮಂಥ ಅಧ್ಯಾಪಕರಿಗೆ ಅರ್ಧ ಗಂಟೆಯ ಪಾಠಕ್ಕೆ ವಿಷಯ ದೊರೆಯುತ್ತದೆ, ಹೆಚ್ಚೇನೂ ಕೆಡುವುದಿಲ್ಲ. ಎಂಜಿನಿಯರನ ನಕಾಶೆಯಲ್ಲಿ ಹಾಗಾದರೆ? ಗಣಕಯಂತ್ರದಲ್ಲಿ ಬರೆದ ನಕಾಶೆಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ದಾಟಿಸುವ ಕೆಲಸದ ಚರಿತ್ರೆಯನ್ನು ಓದುತ್ತ ಹೋದಂತೆ, ಇದೂ ಗ್ರಂಥಸಂಪಾದನೆಯ ಕತೆಯೇ ಎಂದು ನನಗೆ ತೋರಿತು.

ಹಿಂದೆ ಈ ತೊಡಕು ಇಷ್ಟಿರಲಿಲ್ಲ. ೧೮೪೨ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಹರ್ಷೆಲ್, ಕಬ್ಬಿಣದ ಲವಣಗಳನ್ನು ಸವರಿದ ಕಾಗದವು ಬೆಳಕಿಗೆ ನೀಲಿಯಾಗುವುದನ್ನು ಕಂಡುಹಿಡಿದರು. ಬೆಳಕು ಹಾಯುವ ಹಾಳೆಯ ಮೇಲೆ ನಕಾಶೆ ಬರೆದು, ಆ ಕಾಗದದ ಮೇಲಿರಿಸಿ ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದರೆ ಗೆರೆಯ ನೆರಳು ಬಿದ್ದಲ್ಲಿ ಬಿಳಿ, ಉಳಿದೆಡೆ ನೀಲಿ. ಸೂರ್ಯನೇ ಲಿಪಿಕಾರನಾದಾಗ ತಪ್ಪಾಗಿ ಓದುವ ಮಾತೆಲ್ಲಿ?

೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ.ಯ ವಿದ್ಯಾರ್ಥಿ ಐವನ್ ಸದರ್ಲೆಂಡ್ ತಮ್ಮ ಪ್ರಬಂಧಕ್ಕಾಗಿ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ರಚಿಸಿದರು. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಎಳೆದ ಎರಡು ಗೆರೆಗಳು ಸಮಾಂತರವಾಗಿರಬೇಕೆಂದು ಒಮ್ಮೆ ಹೇಳಿದರೆ ಯಂತ್ರ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಅಲ್ಲಿಯವರೆಗೆ ಗೆರೆಗೆ ಅರ್ಥ ಕೊಡುವವನು ನೋಡುವ ಮನುಷ್ಯ. ಇನ್ನು ಮುಂದೆ ಅರ್ಥವೂ ನಕಾಶೆಯೊಳಗೇ ಸೇರಿಕೊಂಡಿತು. ತೊಡಕು ಆರಂಭವಾದದ್ದೂ ಅಲ್ಲಿಯೇ. ಕಾಗದಕ್ಕೆ ಇಳಿಯುವುದು ಗೆರೆ ಮಾತ್ರ. ಅರ್ಥ ಯಂತ್ರದಲ್ಲೇ ಉಳಿಯುತ್ತದೆ.

ಕಾಗದಕ್ಕೆ ಇಳಿಸುತ್ತಿದ್ದ ಯಂತ್ರದ ಹೆಸರು ಪ್ಲಾಟರ್. ಅದರಲ್ಲಿ ಬೇರೆಬೇರೆ ದಪ್ಪದ ಲೇಖನಿಗಳು. ಪರದೆಯ ಮೇಲೆ ಗೆರೆಗೆ ಕೆಂಪು ಬಣ್ಣ ಕೊಟ್ಟರೆ ಒಂದು ಲೇಖನಿ, ಹಳದಿಗೆ ಇನ್ನೊಂದು. ಬಣ್ಣವೆಂದರೆ ಬಣ್ಣವಲ್ಲ, ದಪ್ಪ! ೧೯೯೦ರ ದಶಕದಲ್ಲಿ ಶಾಯಿ ಚಿಮ್ಮಿಸುವ ಯಂತ್ರಗಳು ಬಂದು ಆ ಲೇಖನಿಗಳು ಮೂಲೆಗೆ ಸೇರಿದವು. ಸಂಕೇತ ಮಾತ್ರ ಹೋಗಲಿಲ್ಲ. ಇಂದಿಗೂ ಆಟೋಕ್ಯಾಡ್ ಬಳಸುವ ಎಷ್ಟೋ ಕಚೇರಿಗಳಲ್ಲಿ ಬಣ್ಣಕ್ಕೂ ದಪ್ಪಕ್ಕೂ ಸಂಬಂಧ ಹೇಳುವ ಪಟ್ಟಿಯೊಂದು ಇರುತ್ತದೆ. ನಕಾಶೆ ಕಳಿಸಿ ಆ ಪಟ್ಟಿಯನ್ನು ಮರೆತರೆ, ಗೋಡೆಯ ಗೆರೆಯೂ ಅಳತೆಯ ಗೆರೆಯೂ ಒಂದೇ ದಪ್ಪವಾಗಿ ಮುದ್ರಣವಾಗಬಹುದು. ಲೇಖನಿ ಸತ್ತರೂ ಅದರ ವ್ಯಾಕರಣ ಬದುಕಿದೆ.

ಒಂದು ಕಂಪೆನಿಯ ಯಂತ್ರ ಬರೆದದ್ದನ್ನು ಇನ್ನೊಂದು ಕಂಪೆನಿಯ ಯಂತ್ರ ಓದಲಾರದಾದಾಗ, ನಡುವೆ ನಿಲ್ಲುವ ಭಾಷೆಯೊಂದು ಬೇಕಾಯಿತು. ಬೋಯಿಂಗ್, ಜನರಲ್ ಎಲೆಕ್ಟ್ರಿಕ್ ಮತ್ತು ಅಮೆರಿಕದ ಸರಕಾರಿ ಮಾನಕ ಸಂಸ್ಥೆ ಕೂಡಿ ದುಡಿದುದರ ಫಲವಾಗಿ ೧೯೮೦ರಲ್ಲಿ ‘ಐಜೆಸ್’ ಎಂಬ ತಟಸ್ಥ ರೂಪ ಹೊರಬಂತು. ೧೯೮೨ರಲ್ಲಿ ಆಟೋಕ್ಯಾಡ್ ತನ್ನ ಸ್ವಂತ ಡಿ.ಡಬ್ಲ್ಯು.ಜಿ. ರೂಪವನ್ನು ಗುಟ್ಟಾಗಿಟ್ಟುಕೊಂಡು, ಹೊರಗಿನವರಿಗೆಂದು ಡಿ.ಎಕ್ಸ್.ಎಫ್. ರೂಪವನ್ನು ಕೊಟ್ಟಿತು. ಬಂಗಾಳಿ ಕಾದಂಬರಿ ಹಿಂದಿಯ ಮೂಲಕ ಕನ್ನಡಕ್ಕೆ ಬರುವಂತೆ ಇದು: ಕತೆ ಬರುತ್ತದೆ, ಸೊಗಸು ದಾರಿಯಲ್ಲಿ ಸೋರುತ್ತದೆ.

೧೯೯೩ರಲ್ಲಿ ಬಂದ ಪಿ.ಡಿ.ಎಫ್. ಇನ್ನೂ ವಿಚಿತ್ರ. ಅದರ ಭಾಷೆಯಲ್ಲಿ ವೃತ್ತ ಎಂಬ ಪದವೇ ಇಲ್ಲ. ಬಾಗಿದ ಗೆರೆಯ ತುಂಡುಗಳನ್ನು ಜೋಡಿಸಿ ವೃತ್ತದಂತೆ ತೋರಿಸುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಕೇಂದ್ರವೆಲ್ಲಿ, ತ್ರಿಜ್ಯವೆಷ್ಟು ಎಂದು ಕೇಳಿದರೆ ಕಡತ ಮೌನ ತಾಳುತ್ತದೆ. ನೋಡುವುದಕ್ಕೆ ಒಳ್ಳೆಯದು, ತಿದ್ದುವುದಕ್ಕಲ್ಲ.

ಇದೆಲ್ಲ ಕಚೇರಿಯ ಕಿರಿಕಿರಿಯಷ್ಟೇ ಎನ್ನುವವರು ಏರ್‌ಬಸ್ ಎ-೩೮೦ ವಿಮಾನದ ಕತೆಯನ್ನು ಕೇಳಬೇಕು. ಎರಡಂತಸ್ತಿನ ಆ ವಿಮಾನದಲ್ಲಿ ಸುಮಾರು ೫೩೦ ಕಿಲೋಮೀಟರ್ ಉದ್ದದ ವಿದ್ಯುತ್ ತಂತಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ ತಂತಿಯ ಕಂತೆಗಳನ್ನು ಕೂಡಿಸಿ, ಫ್ರಾನ್ಸಿನ ತುಲೂಸಿನಲ್ಲಿ ವಿಮಾನವನ್ನು ಜೋಡಿಸಬೇಕು. ಎರಡು ಊರಿನವರೂ ಬಳಸುತ್ತಿದ್ದುದು ಕ್ಯಾಟಿಯಾ ಎಂಬ ಒಂದೇ ಹೆಸರಿನ ತಂತ್ರಾಂಶ. ಆದರೆ ಹ್ಯಾಂಬರ್ಗಿನಲ್ಲಿ ನಾಲ್ಕನೆಯ ಆವೃತ್ತಿ, ತುಲೂಸಿನಲ್ಲಿ ಐದನೆಯದು. ಐದನೆಯದು ನಾಲ್ಕನೆಯದರ ಪರಿಷ್ಕರಣವಲ್ಲ, ಹೊಸದಾಗಿಯೇ ಬರೆದದ್ದು. ಒಂದರ ನಕಾಶೆ ಇನ್ನೊಂದಕ್ಕೆ ಪೂರ್ತಿಯಾಗಿ ದಾಟುತ್ತಿರಲಿಲ್ಲ. ವಿನ್ಯಾಸದಲ್ಲಿ ಮಾಡಿದ ಬದಲಾವಣೆಗಳು ಎರಡೂ ಕಡೆ ಸಮನಾಗಿ ಮೂಡುತ್ತಿರಲಿಲ್ಲ. ತಂತಿಗಳನ್ನು ಜೋಡಿಸಹೋದರೆ ಗಿಡ್ಡ! ಕೆಲವೇ ಸೆಂಟಿಮೀಟರಿನ ಕೊರತೆ. ಆದರೆ ತಂತಿಯನ್ನು ಎಳೆದು ಉದ್ದ ಮಾಡಲಾದೀತೆ?

ತಂತ್ರಾಂಶವೊಂದನ್ನೇ ದೂರುವುದು ನ್ಯಾಯವಲ್ಲ. ಎರಡು ದೇಶದ ಹಮ್ಮು, ಆಡಳಿತದ ಒಳಜಗಳ, ಅಲ್ಯೂಮಿನಿಯಂ ತಂತಿಯನ್ನು ಬಗ್ಗಿಸುವ ನಿಯಮಗಳ ಬೇರೆತನ ಎಲ್ಲವೂ ಸೇರಿದ್ದವು. ಆದರೂ ಒಂದೇ ಆವೃತ್ತಿಯನ್ನು ಬಳಸೋಣವೆಂದು ಯಾರೂ ಮೊದಲೇ ಪಟ್ಟು ಹಿಡಿಯದಿದ್ದುದು ನನಗೆ ಇಂದಿಗೂ ಆಶ್ಚರ್ಯ. ೨೦೦೬ರ ಅಕ್ಟೋಬರಿನಲ್ಲಿ, ವಿಳಂಬ ಒಟ್ಟು ಎರಡು ವರ್ಷದಷ್ಟಾಯಿತೆಂದೂ ೨೦೧೦ರವರೆಗಿನ ಲಾಭದಲ್ಲಿ ೪೮೦ ಕೋಟಿ ಯೂರೋ ಕೊರತೆ ಬೀಳುವುದೆಂದೂ ಮಾತೃಸಂಸ್ಥೆ ಘೋಷಿಸಿತು. ಅದೇ ತಿಂಗಳು ಏರ್‌ಬಸ್ ಮುಖ್ಯಸ್ಥ ಕ್ರಿಶ್ಚಿಯನ್ ಸ್ಟ್ರೈಫ್, ಅಧಿಕಾರ ವಹಿಸಿ ಮೂರೇ ತಿಂಗಳಲ್ಲಿ, ರಾಜೀನಾಮೆಯಿತ್ತರು. ೨೦೦೭ರ ಫೆಬ್ರವರಿಯಲ್ಲಿ ೧೦,೦೦೦ ಉದ್ಯೋಗಗಳನ್ನು ಕಡಿತಗೊಳಿಸುವ ಯೋಜನೆ ಪ್ರಕಟವಾಯಿತು.

ಆ ವೇಳೆಗೆ ಹ್ಯಾಂಬರ್ಗಿನ ಕೆಲಸಗಾರರು ನೂರುಗಟ್ಟಲೆ ತುಲೂಸಿಗೆ ಹೋಗಿ, ಮೊದಲ ವಿಮಾನಗಳ ಒಳಗೆ ನಿಂತು, ಒಂದೊಂದೇ ತಂತಿಯನ್ನು ಕೈಯಿಂದ ಹಾಯಿಸುತ್ತಿದ್ದರು. ೨೦೦೭ರ ಅಕ್ಟೋಬರಿನಲ್ಲಿ ಸಿಂಗಪುರದ ವಿಮಾನಸಂಸ್ಥೆಗೆ ಮೊದಲ ವಿಮಾನ ಹಸ್ತಾಂತರವಾಯಿತು.