ಸೊಪ್ಪಿನ ಬೆಟ್ಟ, ಬಿದಿರ ಮೆಳೆ: ಕಾಳಿ ಕಣಿವೆಯ ಹಳೆಯ ಲೆಕ್ಕ

ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತು ಇತಿಹಾಸ ಓದಿ, ಈಗ ದೂರದ ನಗರಗಳ ದೊಡ್ಡ ಉದ್ಯಮಗಳಲ್ಲಿ ದುಡಿಯುತ್ತಿರುವ ಕೆಲವರು ತಮ್ಮ ಪತ್ರಗಳಲ್ಲಿ ‘ವರ್ತುಲ ಪೂರೈಕೆ ಸರಪಳಿ’, ‘ಜೈವಿಕ ಆರ್ಥಿಕತೆ’ ಎಂಬ ಮಾತುಗಳನ್ನು ಬಳಸುತ್ತಾರೆ. ಅರ್ಥ ಕಷ್ಟದ್ದೇನಲ್ಲ. ನೆಲದಿಂದ ತೆಗೆದದ್ದು ಬಳಕೆಯಾದ ಮೇಲೆ ಕಸವಾಗಿ ರಾಶಿ ಬೀಳದೆ ಮತ್ತೆ ನೆಲಕ್ಕೋ, ಮತ್ತೊಂದು ಉತ್ಪಾದನೆಗೋ ಮರಳಬೇಕು. ಕಲ್ಲಿದ್ದಲು, ಕಲ್ಲೆಣ್ಣೆಗಳ ಬದಲಿಗೆ ಬೆಳೆಯುವ ವಸ್ತುಗಳೇ ಉದ್ಯಮಕ್ಕೆ ಆಧಾರವಾಗಬೇಕು. ಈ ಮಾತುಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ಕೈಗಾದ ಸುತ್ತಿನ ಕಾಳಿ ಕಣಿವೆಯ ಕಡೆಗೆ ಹೋಗುತ್ತದೆ. ಅಲ್ಲಿ ಇಂಥ ವರ್ತುಲಗಳು ಹಿಂದೆ ತಿರುಗುತ್ತಿದ್ದವು, ಕೆಲವು ನಿಂತುಹೋದವು. ಅವು ಹೇಗೆ ತಿರುಗುತ್ತಿದ್ದವು ಎಂಬುದಕ್ಕಿಂತ ಅವುಗಳನ್ನು ಯಾರು ತಿರುಗಿಸುತ್ತಿದ್ದರು ಎಂಬುದೇ ನನಗೆ ಇತಿಹಾಸದ ಮುಖ್ಯ ಪ್ರಶ್ನೆಯಾಗಿ ಕಾಣುತ್ತದೆ.

ಹೊರಗಿನ ಓದುಗರಿಗಾಗಿ ಸ್ವಲ್ಪ ಭೂಗೋಳ ಹೇಳಬೇಕು. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ, ಸೂಪಾ, ದಾಂಡೇಲಿಗಳನ್ನು ಬಳಸಿ, ಯಲ್ಲಾಪುರದ ಕಡೆಯ ಘಟ್ಟವನ್ನು ಕೊಡಸಳ್ಳಿಯ ಬಳಿ ಇಳಿದು, ಕೈಗಾ, ಕದ್ರಾಗಳನ್ನು ದಾಟಿ, ಸದಾಶಿವಗಡದ ಮಗ್ಗುಲಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 184 ಕಿಲೋಮೀಟರು. ಘಟ್ಟದ ಮೇಲೆ ಅಡಿಕೆ ತೋಟ, ನಡುವೆ ದಟ್ಟ ಕಾಡು, ಕೆಳಗೆ ಉಪ್ಪುನೀರಿನ ಗಜನಿ. ಅಂಕೋಲೆಯ ಗಂಗಾವಳಿಯ ಕಣಿವೆಯಲ್ಲಿಯೂ ಇದೇ ಕ್ರಮ.

ಮೊದಲು ತೋಟದ ಮಾತು. ಅಡಿಕೆ ಮರವು ಬಗ್ಗಡದ ತಗ್ಗಿನಲ್ಲಿ ಬೆಳೆಯುವಂಥದು. ನಮ್ಮ ಮಳೆಗೆ ಮಣ್ಣಿನ ಸತ್ತ್ವವೆಲ್ಲ ತೊಳೆದುಹೋಗುತ್ತದೆ. ಆದುದರಿಂದ ಪ್ರತಿ ತೋಟದ ಬೆನ್ನಿಗೂ ಒಂದು ಬೆಟ್ಟ ಬೇಕಾಗಿತ್ತು. ಬೇಸಗೆಯಲ್ಲಿ ಬೆಟ್ಟದ ದರಕನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸುವುದು, ಮಳೆಗಾಲಕ್ಕೆ ಹಸಿಸೊಪ್ಪು ಕಡಿದು ಹಾಸುವುದು, ದನಗಳು ತುಳಿದು ಸಗಣಿ ಗಂಜಳ ಬೆರೆತದ್ದನ್ನು ಗೊಬ್ಬರದ ಗುಂಡಿಗೆ ಎಳೆಯುವುದು, ಅದು ಕೊಳೆತ ಮೇಲೆ ಮರದ ಬುಡಕ್ಕೆ ಹಾಕಿ ಮೇಲೆ ಮತ್ತೆ ಸೊಪ್ಪು ಮುಚ್ಚುವುದು. ತೋಟವು ಕೊಡುವುದೂ ಕಾಯಿ ಮಾತ್ರವಲ್ಲ. ಹಾಳೆಯಿಂದ ತೊಟ್ಟೆ, ಟೊಪ್ಪಿ; ಸೋಗೆಯಿಂದ ಮಾಡಿಗೆ ಹೊದಿಕೆ; ಸಿಪ್ಪೆ ಒಲೆಗೆ; ಒಲೆಯ ಬೂದಿ ಮತ್ತೆ ತೋಟಕ್ಕೆ. ಕೊಳೆರೋಗ ತಡೆಯಲು ಬೇಣದ ಕರಡವನ್ನು ಹೆಣೆದು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ಮುಗಿದ ಮೇಲೆ ಆ ಕೊಟ್ಟೆಯೂ ಬುಡಕ್ಕೆ ಬಿದ್ದು ಗೊಬ್ಬರವಾಗುತ್ತಿತ್ತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೊ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಕೊಟ್ಟೆಯ ಶ್ರಮ ಉಳಿಯಿತು, ಬೆಳೆಯೂ ಉಳಿಯಿತು. ಅವರನ್ನು ಅಡಿಕೆ ಬೆಳೆಗಾರರು ನೆನೆಯಲೇಬೇಕು. ಆದರೆ ತೋಟದ ಲೆಕ್ಕದ ಪುಸ್ತಕದಲ್ಲಿ ಮೈಲುತುತ್ತವೆಂಬ ಹೊರಗಿನ ವಸ್ತು ಸೇರಿತು. ಅದರೊಂದಿಗೆ ಬೆರೆಸುವ ಸುಣ್ಣವಾದರೂ ಬಹುಕಾಲ ನಮ್ಮದೇ ಆಗಿತ್ತು. ಅಳಿವೆಯಲ್ಲಿ ಬಳಚು, ಕಲ್ವಗಳನ್ನು ಹೆಕ್ಕಿ ತಿಂದು, ಉಳಿದ ಚಿಪ್ಪನ್ನು ಸುಟ್ಟು ಮಾಡಿದ ಚಿಪ್ಪುಸುಣ್ಣ ಗೋಡೆಗೂ ವೀಳ್ಯಕ್ಕೂ ತೋಟಕ್ಕೂ ಆಗುತ್ತಿತ್ತು. (ಕವಳದ ತಟ್ಟೆಯಲ್ಲಿ ಘಟ್ಟದ ಅಡಿಕೆಯೂ ಕರಾವಳಿಯ ಸುಣ್ಣವೂ ಒಟ್ಟಿಗೆ ಕೂಡುವುದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ಹಳಬರಿಗೆ ನೆನಪಿರಬಹುದು.)

ಬೆಟ್ಟ ಯಾರದು ಎಂಬುದು ಮುಂದಿನ ಪ್ರಶ್ನೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಒಂದು ಸ್ವಾರಸ್ಯದ ಸಂಗತಿಯನ್ನು ದಾಖಲಿಸಿದ್ದಾನೆ. ಕಾಡುಗಳು ಆಯಾ ಊರಿನ ದೇವರ ಸೊತ್ತೆಂದೂ, ದೇವರ ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನರು ಹೇಳಿದರಂತೆ. ಅದಕ್ಕೆ ಹಣವನ್ನೇನೂ ಕೊಡಬೇಕಾಗಿರಲಿಲ್ಲ. ಸರಕಾರಕ್ಕೆ ತನ್ನ ಆಸ್ತಿ ಸಿಗದಂತೆ ಮಾಡಲು ಹೂಡಿದ ಉಪಾಯವಿದು ಎಂದು ಬುಕಾನನ್ ತೀರ್ಪು ಕೊಟ್ಟ. ಊರಿನವರಿಗೆ ಅದು ಉಪಾಯವಾಗಿರಲಿಲ್ಲ, ಕಾವಲಾಗಿತ್ತು ಎಂಬುದು ನನ್ನ ಅಭಿಪ್ರಾಯ. 1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಬಂದು ಕಾಡಿನ ಬಹುಭಾಗ ರಕ್ಷಿತಾರಣ್ಯವಾಯಿತು. ದೇವರ ಕಾಡು ಸರಕಾರದ ಕಾಡಾಯಿತು. ಆದರೂ ತೋಟಿಗರ ವರ್ತುಲವನ್ನು ಆಂಗ್ಲ ಅಧಿಕಾರಿಗಳು ಪೂರ್ತಿ ಕಡಿಯಲಿಲ್ಲ. ಅಡಿಕೆಯ ಕಂದಾಯ ಅವರಿಗೂ ಬೇಕಿತ್ತು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಕ್ರಮ ಅಂಗೀಕೃತವಾಯಿತು. ನೆಲ ಸರಕಾರದ್ದು, ಸೊಪ್ಪು ದರಕು ತೋಟಿಗನದು. ಒಂದಕ್ಕೆ ಒಂಬತ್ತು ಎಂಬ ಈ ಲೆಕ್ಕವನ್ನು ಇಂದಿನ ವಾಣಿಜ್ಯ ಪದವೀಧರರು ಗಮನಿಸಬೇಕು. ಒಂದು ಎಕರೆಯ ಫಸಲಿನ ಹಿಂದೆ ಎಷ್ಟು ಕಾಡಿನ ದುಡಿಮೆಯಿದೆ ಎಂಬುದು ಇಲ್ಲಿ ಸರಕಾರಿ ಕಾಗದದಲ್ಲಿಯೇ ಬರೆದಿತ್ತು.

ಇದನ್ನೆಲ್ಲ ಸುವರ್ಣಯುಗವೆಂದು ಹಾಡಲು ನಾನು ಸಿದ್ಧನಿಲ್ಲ. ಸೊಪ್ಪಿನ ಹೊರೆ ಹೊತ್ತವರು ಬಹುಮಟ್ಟಿಗೆ ತೋಟದ ಒಡೆಯರಲ್ಲ. ಕೂಲಿಯವರ, ಗೇಣಿದಾರರ ಹೆಂಗಸರ ಕುತ್ತಿಗೆಯ ಮೇಲೆ ಆ ವರ್ತುಲ ತಿರುಗಿತು. ತೋಟಿಗನಿಗೆ ಬೆಟ್ಟದ ಸವಲತ್ತು ದೊರೆತ ಅದೇ ಕಾಲದಲ್ಲಿ, ಕಾಡಿನೊಳಗೆ ಕುಮರಿ ಮಾಡಿ ರಾಗಿ ಬೆಳೆಯುತ್ತಿದ್ದ ಕುಣಬಿಗಳಂಥವರ ಬೇಸಾಯವನ್ನು ಕಾಡು ಹಾಳುಮಾಡುವುದೆಂದು ಹತ್ತಿಕ್ಕಲಾಯಿತು. ಬೇಸಾಯ ಮಾಡಿ ಕಾಡಿಗೆ ವರ್ಷಗಟ್ಟಲೆ ಬಿಡುವು ಕೊಡುವುದೂ ಒಂದು ವರ್ತುಲವೇ ಆಗಿತ್ತು. ಕಂದಾಯ ಹೆಚ್ಚು ತರದ ವರ್ತುಲಕ್ಕೆ ಕಾಗದದಲ್ಲಿ ಸ್ಥಾನ ಸಿಗಲಿಲ್ಲ.

ಇನ್ನು ಬಿದಿರು. ಮೇದಾರರ ಬುಟ್ಟಿ, ಮೊರ, ಚಾಪೆಯಿಲ್ಲದೆ ನಮ್ಮ ಗದ್ದೆ ತೋಟಗಳ ಕೆಲಸ ಒಂದು ದಿನವೂ ನಡೆಯುತ್ತಿರಲಿಲ್ಲ. ಗೊಬ್ಬರ ಹೊತ್ತದ್ದು ಬಿದಿರ ಬುಟ್ಟಿಯಲ್ಲಿ. ಬುಟ್ಟಿ ಹರಿದರೆ ಅದೂ ಗೊಬ್ಬರ. ಮಳೆಗಾಲದ ಮೊದಲಲ್ಲಿ ಕಳಲೆ ಪಲ್ಯ, ಹಲವು ದಶಕಗಳಿಗೊಮ್ಮೆ ಮೆಳೆ ಹೂಬಿಟ್ಟಾಗ ಬಿದಿರಕ್ಕಿ. ಈ ಕಾಡಿನ ಅಂಚಿಗೆ, ಕಾಳಿಯ ದಂಡೆಯ ದಾಂಡೇಲಿಗೆ, 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ಬಂದಿತು. ಸ್ವತಂತ್ರ ದೇಶಕ್ಕೆ ಕಾಗದ ಬೇಕಿತ್ತು. ಆ ಕಾಲದ ಶಾಲೆಗಳಲ್ಲಿ ಪಾಠಪುಸ್ತಕಗಳಿಗೂ ತತ್ವಾರವಿತ್ತು ಎಂಬುದನ್ನು ಮರೆತು ಮಾತಾಡಬಾರದು. ಬಿದಿರು ಮತ್ತೆ ಮತ್ತೆ ಚಿಗುರುವ ಹುಲ್ಲು. ಇಂದಿನ ಪರಿಭಾಷೆಯಲ್ಲಿ ಇದು ನಿಷ್ಕಳಂಕ ಜೈವಿಕ ಉದ್ಯಮ. ಸರಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಗಿರಣಿಗೆ ಬಿದಿರು ಒದಗಿಸಲು ಒಪ್ಪಿತು. ಮೇದಾರನು ಪೇಟೆಯಲ್ಲಿ ಕೊಡಬೇಕಾದ ಬೆಲೆ ಅದರ ಎಷ್ಟೋ ಪಟ್ಟು.

1970ರ ದಶಕದ ನಡುವಿನಲ್ಲಿ, ಬಿದಿರು ಸಿಗದಂತಾದ ಬುಟ್ಟಿ ಹೆಣೆಯುವವರ ದೂರು ಅಂದಿನ ಹಣಕಾಸು ಸಚಿವ ಎಂ. ವೈ. ಘೋರ್ಪಡೆಯವರನ್ನು ಮುಟ್ಟಿತು. ಅವರು ಸ್ವತಃ ವನ್ಯಜೀವಿಗಳ ಛಾಯಾಗ್ರಾಹಕರು. ಪರಿಶೀಲನೆಗೆ ಮಾಧವ ಗಾಡಗೀಳರನ್ನು ಕೇಳಿಕೊಂಡರು. ಗಾಡಗೀಳರೂ ಸಂಗಡಿಗರೂ ಮೆಳೆಯಿಂದ ಮೆಳೆಗೆ ಅಲೆದು ಕಂಡ ಸಂಗತಿ ಸೂಕ್ಷ್ಮವಾದದ್ದು. ದೊಡ್ಡ ಬಿದಿರಿನ ಬುಡದಲ್ಲಿ ಮುಳ್ಳಿನ ದಟ್ಟ ಹೊದಿಕೆಯಿರುತ್ತದೆ. ಗಿರಣಿಗಾಗಿ ಕಡಿಯುವವರು ಅದನ್ನು ಸವರಿ ಹಾಕುತ್ತಿದ್ದರು. ಮೆಳೆ ಚೊಕ್ಕಟವಾದರೆ ಗಳಗಳು ಚೆನ್ನಾಗಿ ಬೆಳೆಯುವುವು ಎಂಬುದು ಬಲ್ಲವರ ಸಿದ್ಧಾಂತ. ಹಳ್ಳಿಯವರು ಹಾಗೆ ಮಾಡುತ್ತಿರಲಿಲ್ಲ. ಮುಳ್ಳು ತೆಗೆದರೆ ಎಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗಳಿಗೂ ಮೇವಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಅಳೆದು ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳಿನ ಬೇಲಿ ಕಳೆದುಕೊಂಡ ಮೆಳೆಯಲ್ಲಿ ಮುಂದಿನ ತಲೆಮಾರಿನ ಗಳವೇ ಏಳುತ್ತಿರಲಿಲ್ಲ.

ನಾಳೆಯೂ ಇದೇ ಮೆಳೆಗೆ ಬರಬೇಕಾದ ಮೇದಾರನು ಮುಳ್ಳನ್ನು ಉಳಿಸಿದ. ನಾಳೆ ಬೇರೆ ಕಾಡಿಗೆ ಲಾರಿ ಕಳಿಸಬಲ್ಲ ಗಿರಣಿಗೆ ಆ ಮುಳ್ಳು ಅಡ್ಡಿಯಾಗಿ ಕಂಡಿತು. ಹಾಗೆಯೇ ಆಯಿತು, ಹತ್ತಿರದ ಬಿದಿರು ತೀರಿದಂತೆ ದೂರದ ಜಿಲ್ಲೆಗಳಿಂದ, ಆಮೇಲೆ ಹೊರರಾಜ್ಯಗಳಿಂದ ಬಿದಿರು ಬರತೊಡಗಿತು. ನಿತ್ಯಹರಿದ್ವರ್ಣದ ಕಾಡನ್ನು ಬೋಳಿಸಿ ನೀಲಗಿರಿ ನೆಡುವ ಪ್ರಯೋಗವೂ ಪಶ್ಚಿಮಘಟ್ಟದಲ್ಲಿ ನಡೆಯಿತು. ಅತಿ ಮಳೆಯ ನಮ್ಮ ನೆಲದಲ್ಲಿ ಆ ಗಿಡಗಳಿಗೆ ಗುಲಾಬಿ ರೋಗವೆಂಬ ಶಿಲೀಂಧ್ರ ತಗಲಿ ಬಹಳಷ್ಟು ಹಾಳಾದವು.

ಕೈಗಾ ಈ ಕಥೆಯ ನಡುವೆಯೇ ಇದೆ. 1980ರ ದಶಕದಲ್ಲಿ ಇಲ್ಲಿ ಅಣುಸ್ಥಾವರದ ಕೆಲಸ ಆರಂಭವಾದಾಗ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿಯೂ ವಿರೋಧಕ್ಕೆ ನಿಂತು, 1989ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. 220 ಮೆಗಾವ್ಯಾಟಿನ ಮೊದಲೆರಡು ಘಟಕಗಳು 2000ದಲ್ಲಿ, ಉಳಿದೆರಡು 2007 ಮತ್ತು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅವುಗಳನ್ನು ತಂಪಾಗಿಸುವ ನೀರು ಕದ್ರಾ ಜಲಾಶಯದ್ದು. ಅದರ ಹಿನ್ನೀರಿನಲ್ಲಿ ಎಷ್ಟೋ ಗದ್ದೆ ತೋಟಗಳು ಮುಳುಗಿವೆ. ತೋಟವೇ ಮುಳುಗಿದ ಮೇಲೆ ಬೆಟ್ಟದ ಸೊಪ್ಪಿಗೆ ಕೆಲಸವೆಲ್ಲಿ? ಪರಿಹಾರದ ಲೆಕ್ಕ ನೆಲಕ್ಕೂ ಮರಕ್ಕೂ ಮನೆಗೂ ಇರುತ್ತದೆ, ನಂಟಿಗೆ ಇರುವುದಿಲ್ಲ. ಅಣುವಿಜ್ಞಾನಿಗಳೂ ‘ಮುಚ್ಚಿದ ಇಂಧನ ಚಕ್ರ’ ಎಂಬ ಮಾತನ್ನು ಬಳಸುತ್ತಾರೆ: ಉರಿದ ಇಂಧನವನ್ನು ಮರುಸಂಸ್ಕರಿಸಿ ಮತ್ತೆ ಬಳಸುವುದು. ಕೈಗಾದ ಇಂಧನ ತಯಾರಾಗುವುದು ಹೈದರಾಬಾದಿನಲ್ಲಿ. ಮರುಸಂಸ್ಕರಣದ ಸ್ಥಾವರಗಳಿರುವುದು ತಾರಾಪುರ, ಕಲ್ಪಾಕ್ಕಂನಂಥ ಕಡೆ. ಅದೂ ವರ್ತುಲವೇ ಇರಬಹುದು, ಆದರೆ ಮಲ್ಲಾಪುರದ ಗೃಹಸ್ಥನ ಕಣ್ಣಿಗೆ ಕಾಣುವಂಥದಲ್ಲ.

ಘಟ್ಟದಿಂದ ಇಳಿದು ಅಳಿವೆಗೆ ಬಂದರೆ, ಕಾರವಾರ, ಅಂಕೋಲೆ, ಕುಮಟೆಗಳ ಗಜನಿಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತದ ಬೇಸಾಯವಿತ್ತು. ಮಳೆಗೆ ಉಪ್ಪು ತೊಳೆದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ಜಂತ್ರಡಿ ತೆರೆದು ಸಮುದ್ರದ ನೀರನ್ನು ಬಿಟ್ಟುಕೊಂಡು ಕೂಳೆಯ ನಡುವೆ ಸಿಗಡಿ, ಮೀನು. ಗೊಬ್ಬರ ಬೇಡ, ಮೇವೂ ಬೇಡ. ಕಟ್ಟೆಯನ್ನು ಊರವರೇ ಕೂಡಿ ಕಾಯುತ್ತಿದ್ದರು. ಸಿಗಡಿಗೆ ಪರದೇಶದಲ್ಲಿ ಬೆಲೆ ಬಂದು ಗಜನಿಗಳು ಗುತ್ತಿಗೆಗೆ ಹೋದ ಮೇಲೆ, ಭತ್ತ ಬಿತ್ತಬೇಕಾದ ತಿಂಗಳಲ್ಲಿಯೂ ಉಪ್ಪುನೀರು ನಿಲ್ಲತೊಡಗಿತು. ಕುಮಟೆಯ ಮಾಣಿಕಟ್ಟೆಯ ರೈತರು ಒಗ್ಗಟ್ಟಾಗಿ ಕಗ್ಗವನ್ನು ಉಳಿಸಿಕೊಂಡದ್ದು ಅಪವಾದ.

1988ರ ರಾಷ್ಟ್ರೀಯ ಅರಣ್ಯ ನೀತಿಯು ಉದ್ಯಮಗಳು ಕಾಡಿನ ಅಗ್ಗದ ಕಚ್ಚಾಮಾಲಿನ ಆಸೆ ಬಿಟ್ಟು ರೈತರಿಂದಲೇ ಬೆಳೆಸಿಕೊಳ್ಳಬೇಕೆಂದು ವಿಧಿಸಿತು. ದಾಂಡೇಲಿಯ ಗಿರಣಿಯೂ ರೈತರ ಹೊಲಗಳ ಸುಬಾಬುಲ್, ಗಾಳಿ, ನೀಲಗಿರಿ ಮರಗಳತ್ತ ತಿರುಗಿತು. 2017ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಬಿದಿರು ‘ಮರ’ವೆಂಬ ವ್ಯಾಖ್ಯೆಯಿಂದ ಹೊರಬಂದಿತು, ಕಾಡಿನ ಹೊರಗೆ ಬೆಳೆದದ್ದನ್ನು ಕಡಿಯಲು, ಸಾಗಿಸಲು ಇದ್ದ ತೊಡಕು ಕಡಿಮೆಯಾಯಿತು. ಹೊಲವುಳ್ಳವರಿಗೆ ಇದು ಅನುಕೂಲವೇ. ಮೇದಾರರಲ್ಲಿ ಹೊಲವುಳ್ಳವರು ವಿರಳ.