ಆಸ್ಪತ್ರೆಯಿಂದ ಮನೆಗೆ ಮರಳಿದ ಹಿರಿಯರ ಆರೈಕೆ

ಆಸ್ಪತ್ರೆಯಲ್ಲಿ ಕೆಲವು ದಿನವೋ ವಾರವೋ ಮಲಗಿದ್ದು ಬಂದ ವಯಸ್ಸಾದ ತಂದೆ ತಾಯಿ ಮನೆಯಲ್ಲಿ ಬೀಳದಂತೆ, ಮಾತ್ರೆ ತಪ್ಪದಂತೆ, ಮತ್ತೆ ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವ ಕೆಲಸ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಕಡೆ ಇದು ಹೆಚ್ಚಾಗಿ ಸೊಸೆಯ, ಮಗಳ, ಇಲ್ಲವೇ ತನಗೂ ವಯಸ್ಸಾಗಿರುವ ಹೆಂಡತಿಯ ಹೆಗಲಿಗೆ ಬೀಳುತ್ತದೆ. “ಮನೆಗೆ ಬಂದ್ರೆ ಅರ್ಧ ಹುಷಾರಾದಂಗೆ” ಎಂಬ ಮಾತು ಡಿಸ್ಚಾರ್ಜ್ ಆದ ದಿನ ಎಲ್ಲರ ಬಾಯಲ್ಲೂ ಬರುತ್ತದೆ. ಮನಸ್ಸಿನ ಮಟ್ಟಿಗೆ ಅದು ನಿಜ. ಮೈಯ ಮಟ್ಟಿಗೆ ಮಾತ್ರ ಮನೆಗೆ ಬಂದ ಮೊದಲ ನಾಲ್ಕು ವಾರ ಬಹಳ ಎಚ್ಚರದ ಕಾಲ.

ಅಮೆರಿಕದ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ 2013ರಲ್ಲಿ ಈ ಸ್ಥಿತಿಯನ್ನು ‘ಆಸ್ಪತ್ರೆ ನಂತರದ ಸಿಂಡ್ರೋಮ್’ ಎಂದು ಕರೆದರು. ಅಲ್ಲಿ ಸರ್ಕಾರಿ ವಿಮೆಯ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬಂದದ್ದು ಮೊದಲಿನ ಕಾಯಿಲೆಗಲ್ಲ, ಬೇರೆಯದಕ್ಕೆ. ನಿದ್ದೆಗೆಟ್ಟ ರಾತ್ರಿಗಳು, ಅರೆಹೊಟ್ಟೆ, ಹಾಸಿಗೆ ಬಿಟ್ಟೇಳದ ದಿನಗಳು, ಹೊಸ ಮಾತ್ರೆಗಳು ಎಲ್ಲ ಸೇರಿ ಮೈಯನ್ನು ಬಸವಳಿಸಿರುತ್ತವೆ. ನ್ಯುಮೋನಿಯಾ ವಾಸಿಯಾಗಿರುತ್ತದೆ, ತೊಡೆಯ ಕಸುವು ಹೋಗಿರುತ್ತದೆ. ಮನೆ ಹಿಂದಿನದೇ, ಅದರಲ್ಲಿ ಓಡಾಡುವವರು ಹಿಂದಿನವರಲ್ಲ.

ಮನೆಗೆ ಮರಳಬೇಕೆಂಬ ಹಂಬಲಕ್ಕೆ ತುಮಕೂರಿನಲ್ಲೇ ನಾಡು ಕಂಡ ನಿದರ್ಶನವಿದೆ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಅವರಿಗೆ 2018ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ತಿಂಗಳು ತುಮಕೂರಿನ ಸಿದ್ಧಗಂಗಾ ಆಸ್ಪತ್ರೆಯಲ್ಲಿದ್ದ ಅವರನ್ನು ಅವರ ಇಚ್ಛೆಯಂತೆ ಮಠಕ್ಕೇ ಕರೆತಂದು, ಅಲ್ಲಿಯೇ ವೈದ್ಯರು ಮತ್ತು ಉಪಕರಣಗಳ ವ್ಯವಸ್ಥೆ ಮಾಡಲಾಯಿತು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಮಠದಲ್ಲೇ ಲಿಂಗೈಕ್ಯರಾದರು. ಸಾಮಾನ್ಯರ ಮನೆಗೆ ವೈದ್ಯರ ತಂಡ ಬರುವುದಿಲ್ಲ. ಹಿರಿಯರು ಬರುವ ಮೊದಲೇ ಕೋಣೆ ಸಿದ್ಧವಾಗಿರಬೇಕು ಎಂಬ ಪಾಠವನ್ನಂತೂ ಪ್ರತಿ ಮನೆಯೂ ಕಲಿಯಬಹುದು.

ಬಚ್ಚಲು ಮತ್ತು ಹೊಸ್ತಿಲು

ಗುಬ್ಬಿ, ಕುಣಿಗಲ್ಲಿನ ಹಳೆಯ ಮನೆಗಳಲ್ಲಿ ಹೊಸ್ತಿಲು ಗೇಣೆತ್ತರ ಇರುವುದುಂಟು. ವಾಕರ್ ಹಿಡಿದವರಿಗೆ ಅದು ಗೋಡೆಗೆ ಸಮ. ಪೂಜೆಯ ಹೊಸ್ತಿಲನ್ನು ಕೀಳಬೇಕಾಗಿಲ್ಲ. ಎರಡೂ ಬದಿಗೆ ಅಲುಗಾಡದ ಇಳಿಜಾರು ಹಲಗೆ ಹಾಕಿದರೆ ಸಾಕು, ಇಲ್ಲವೇ ಹೊಸ್ತಿಲು ದಾಟಬೇಕಿಲ್ಲದ ಕೋಣೆಯಲ್ಲಿ ಹಾಸಿಗೆ ಹಾಕಬಹುದು. ತುಮಕೂರಿನ ಬಡಾವಣೆಗಳಲ್ಲಿ ಕಷ್ಟ ಬೇರೆ ಥರ: ಮಹಡಿಯ ಬಾಡಿಗೆ ಮನೆ, ಕಡಿದಾದ ಮೆಟ್ಟಿಲು.

ಹೆಚ್ಚು ಭಯಪಡಬೇಕಾದ ಜಾಗ ಬಚ್ಚಲುಮನೆ. ಹಳ್ಳಿಯಲ್ಲಿ ಅದು ಹಿತ್ತಲ ಕಡೆಗಿರುತ್ತದೆ. ಒಂದು ಮೂಲೆಯಲ್ಲಿ ಹಂಡೆ, ಕೆಳಗೆ ತೆಂಗಿನ ಮಟ್ಟೆ ಉರಿಯುವ ಒಲೆ, ಕಾಲಡಿಯಲ್ಲಿ ಸೋಪಿನ ನೀರು ಕುಡಿದು ನುಣ್ಣಗಾದ ಕಲ್ಲು. ಎಣ್ಣೆ ಹಚ್ಚಿದ ಕಾಲಿಗೆ ಆ ಕಲ್ಲು ನಿಲ್ಲಗೊಡುವುದಿಲ್ಲ. ಹೆಚ್ಚು ಖರ್ಚಿಲ್ಲದ ನಾಲ್ಕು ಕೆಲಸ ಮಾಡಿಸಿಕೊಳ್ಳಬೇಕು: ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಜಾರದ ರಬ್ಬರ್ ಮ್ಯಾಟ್, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಟವೆಲ್ ನೇತುಹಾಕುವ ಸರಳು ಹಿಡಿಕೆಯಲ್ಲ. ಮೈಭಾರ ಬಿದ್ದರೆ ಅದೇ ಕಿತ್ತು ಬರುತ್ತದೆ. ಒಳಗಿನ ಚಿಲಕ ತೆಗೆಸಿಬಿಡುವುದು ಒಳ್ಳೆಯದು, ಏಕೆಂದರೆ ಚಿಲಕ ಹಾಕಿಕೊಂಡು ಒಳಗೆ ಬಿದ್ದವರನ್ನು ಎತ್ತಬೇಕಾದರೆ ಬಾಗಿಲನ್ನೇ ಒಡೆಯಬೇಕಾಗುತ್ತದೆ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಕೆಲ ತಿಂಗಳು ಬೇಡ. ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ನೆಲ ಮುಟ್ಟುವ ಪಂಚೆ, ನೈಟಿಯ ಅಂಚು ಕಾಲಿಗೆ ತೊಡರುತ್ತದೆ, ಅದನ್ನು ಮೇಲೆತ್ತಿ ಹೊಲಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಹೆಚ್ಚಿನವರು 60 ದಾಟಿದವರು. ಮಲಗಿದ್ದವರು ಥಟ್ಟನೆ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು, ಆಮೇಲೆ ಏಳುವ ಅಭ್ಯಾಸ ಮಾಡಿಸಬೇಕು. ಬೀಳುತ್ತಾರೆಂದು ಹೆದರಿ ಹಾಸಿಗೆಯಲ್ಲೇ ಕೂಡಿಹಾಕುವುದು ಮಾತ್ರ ತಪ್ಪು. ನಡೆಯದ ಕಾಲು ದಿನದಿನಕ್ಕೂ ಸೋಲುತ್ತದೆ.

ಮಾತ್ರೆಯ ಡಬ್ಬಿ

ಬಹುಪಾಲು ಮನೆಗಳಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಅದರಲ್ಲಿ ಮೂರು ವರ್ಷದ ಹಿಂದಿನ ಬಿಪಿ ಮಾತ್ರೆ, ಪಕ್ಕದ ಮನೆಯವರು ಕೊಟ್ಟ ಮಂಡಿನೋವಿನ ಮಾತ್ರೆ, ಅರ್ಧ ಕತ್ತರಿಸಿದ ಹೆಸರಿಲ್ಲದ ಪಟ್ಟಿ. ಆಸ್ಪತ್ರೆಯ ಕವರ್ ಅದರ ಮೇಲೆ ಬಂದು ಕೂರುತ್ತದೆ. ಒಂದೇ ಔಷಧಿ ಬೇರೆ ಬೇರೆ ಕಂಪನಿ ಹೆಸರಲ್ಲಿ ಬರುವುದರಿಂದ, ಹಳೆಯದೂ ಹೊಸದೂ ಸೇರಿ ದುಪ್ಪಟ್ಟು ಡೋಸ್ ಆಗುವ ಅಪಾಯವಿದೆ. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ. ಯಾವುದು ಮುಂದುವರಿಸಬೇಕು, ಯಾವುದು ನಿಂತಿತು, ಯಾವುದು ಹೊಸದು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡೇ ಆಸ್ಪತ್ರೆ ಬಿಡಬೇಕು. ಕೇಳಲು ಸಂಕೋಚ ಬೇಡ, ಅದು ರೋಗಿಯ ಹಕ್ಕು. ನಿಂತ ಮಾತ್ರೆಗಳನ್ನು ಅದೇ ದಿನ ಮನೆಯಿಂದ ಹೊರಹಾಕಬೇಕು.

ಹೊಟ್ಟೆ ತುಂಬ ಉಣ್ಣದವರಿಗೆ ಹಿಂದಿನಷ್ಟೇ ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಕೊಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಪರು ಬರುತ್ತದೆ. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿಕೊಳ್ಳಿ. ರಾತ್ರಿ ಕೊಟ್ಟರೆ ಕತ್ತಲಲ್ಲಿ ನಾಲ್ಕು ಸಲ ಏಳಬೇಕಾಗುತ್ತದೆ.

ಮುದ್ದೆ, ನೀರು, ನುಂಗುವಿಕೆ

ಈ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿಗೆ ಅದ್ದಿ ನುಂಗುತ್ತಾರೆ. ಲಕ್ವ ಹೊಡೆದು ಬಂದವರಿಗೆ ಅದೇ ಅಪಾಯ: ಗಂಟಲ ಸ್ನಾಯು ಸೋತಿದ್ದರೆ ತುತ್ತು ಸಿಕ್ಕಿಕೊಳ್ಳುತ್ತದೆ, ನೀರಿನಂಥ ಸಾರು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ಕುಡಿದಾಗ ಕೆಮ್ಮು, ಉಂಡ ಮೇಲೆ ಗೊರಗೊರ ಧ್ವನಿ ಕಂಡರೆ ನುಂಗುವ ಪರೀಕ್ಷೆ ಮಾಡಿಸುವವರೆಗೂ ಮುದ್ದೆ ಕೊಡಬಾರದು. “ಮುದ್ದೆ ಇಲ್ದಿದ್ರೆ ಊಟವೇ ಅಲ್ಲ” ಎನ್ನುವ ತಂದೆಗೆ ಇದನ್ನು ಹೇಳುವುದು ಕಷ್ಟ. ವೈದ್ಯರು ಒಪ್ಪಿದ ಮೇಲೆ ಗಟ್ಟಿಯಾಗಿ ಕಾಯಿಸಿದ ರಾಗಿ ಗಂಜಿ ನಡೆಯುತ್ತದೆ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು.

ಅರಳುಮರಳು ಅಲ್ಲ

ಮಗಳನ್ನು ತಂಗಿಯೆಂದು ಕರೆಯುವುದು, ಸಂಜೆಯಾದೊಡನೆ “ನಮ್ಮನೆಗೆ ಹೋಗಣ ನಡಿ” ಎಂದು ಹಟ ಹಿಡಿಯುವುದು, ಹಗಲೆಲ್ಲ ಮಂಪರು: ಇದು ಒಂದೆರಡು ದಿನದಲ್ಲಿ ಶುರುವಾಗಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ನಿದ್ದೆ ಮಾತ್ರೆ, ಉಪ್ಪಿನಂಶದ ಏರುಪೇರು ಇದಕ್ಕೆ ಸಾಮಾನ್ಯ ಕಾರಣಗಳು; ಕಾರಣ ಹಿಡಿದರೆ ಬಹುಪಾಲು ಸರಿಹೋಗುತ್ತದೆ. ಕನ್ನಡಕ, ಕಿವಿಯ ಯಂತ್ರ, ಕಣ್ಣಿಗೆ ಕಾಣುವ ಗಡಿಯಾರ, ಪರಿಚಿತ ಮುಖ ದೊಡ್ಡ ನೆರವು.

ಇದೇ ಕಾರಣಕ್ಕೆ, ಅಪ್ಪ ಅಮ್ಮನನ್ನು ತಿಂಗಳಿಗೊಬ್ಬ ಮಗನ ಮನೆಯಂತೆ ಸರದಿ ಹಾಕಿ ಕಳಿಸುವುದು ಚೇತರಿಕೆಯ ಕಾಲದಲ್ಲಿ ಸಲ್ಲದು. ಜಾಗ ಬದಲಾದಂತೆ ದಿಕ್ಕು ತಪ್ಪುತ್ತದೆ, ಮಾತ್ರೆಯ ಲೆಕ್ಕವೂ ತಪ್ಪುತ್ತದೆ. ಸರದಿ ಬೇಕಿದ್ದರೆ ಮಕ್ಕಳೇ ಬಂದು ಇರಲಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವ ಮಗನಿರುವ ಮನೆಯಲ್ಲಿ ಹಗಲು ಹನ್ನೆರಡು ಗಂಟೆ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಡಿಸ್ಚಾರ್ಜಿಗೆ ಮೊದಲೇ ಕೂತು ಬಗೆಹರಿಸಿಕೊಳ್ಳಬೇಕು.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನ ಕೆಳಭಾಗ, ಹಿಮ್ಮಡಿ ಕೆಂಪಾದರೆ ಹುಣ್ಣಿನ ಮೊದಲ ಗುರುತು. ಮೂತ್ರದ ನಳಿಕೆ ಹಾಕಿದ್ದರೆ ಅದರ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು.

ಕಾನೂನು ಮತ್ತು ನೆರವು

2010-11ರಲ್ಲಿ ಆರಂಭವಾದ ರಾಷ್ಟ್ರೀಯ ವಯೋವೃದ್ಧರ ಆರೋಗ್ಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದ ಹಿರಿಯರ ಮನೆಭೇಟಿಗೆ ಅವಕಾಶವಿದೆ; ಆಶಾ ಕಾರ್ಯಕರ್ತೆಯ ಮೂಲಕ ಕೇಳಬಹುದು. ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತುಮಕೂರು ಉಪವಿಭಾಗಕ್ಕೆ ಸೇರಿವೆ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ ರದ್ದು ಮಾಡಿಸಲು ಕಾಯ್ದೆಯ 23ನೇ ಕಲಂ ಆಧಾರ. ಹಿರಿಯರ ಸಹಾಯವಾಣಿ 14567.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಲಕ್ವಕ್ಕೆ ನಾಟಿ ಔಷಧಿ ಹುಡುಕಿ ಹೋಗಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ತುಮಕೂರಿಗೆ ಗುಬ್ಬಿಯಿಂದ ಸುಮಾರು 20 ಕಿ.ಮೀ., ಕುಣಿಗಲ್ಲಿನಿಂದ ಸುಮಾರು 36 ಕಿ.ಮೀ. ಡಿಸ್ಚಾರ್ಜ್ ಕಾಗದ ಮತ್ತು ಈಗಿನ ಮಾತ್ರೆಗಳು ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ನೇತಾಡುತ್ತಿರಲಿ, ಬೀದಿಯ ಗುರುತು ಹೇಳಲು ಮನೆಯ ಮಕ್ಕಳಿಗೂ ಬರಲಿ. 108 ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಾಗಿಲ್ಲ.